ಒಂಬತ್ತು ಸೆಕೆಂಡು

ಮಾರ್ಚ್ 3, ಸೋಮವಾರ

ವಿಚಾರಣೆಗೆ ಕೊಡುತ್ತೇವೆ ಅಂದದ್ದು: ಬಾಗಿಲಿರುವ ಕೋಣೆ. ಹೇಳಿಕೆ ಕೊಡಲು ಬಂದವರಿಗೆ ಬೆನ್ನು ಆನಿಸುವ ಕುರ್ಚಿ. ಆರು ಟೈಪಿಸ್ಟರ ಕೆಲಸ ತಡೆಯುವಂಥ ಹೊಸ ಸರ್ವರು. ಕರೆಂಟು ಹೋದರೆ ಅರ್ಧ ಗಂಟೆ ಹಿಡಿದುಕೊಳ್ಳುವ ಬ್ಯಾಟರಿ. ಪೂರ್ತಿ ಆರು ತಿಂಗಳ ಸಮಯ.

ಕೊಟ್ಟದ್ದು: ಕುರ್ಚಿ. ಎರಡು.

ಇಲ್ಲ ಅಂದದ್ದು: ಸರ್ವರು — ಹಳೆಯದೇ ಸಾಕು. ಬ್ಯಾಟರಿ — ಈ ಕಟ್ಟಡದಲ್ಲಿ ಕರೆಂಟು ಹೋಗುವುದೇ ಇಲ್ಲವಂತೆ. ಕಾಗದ — ಇದು ಕಾಗದವಿಲ್ಲದ ವಿಚಾರಣೆ. ಧ್ವನಿ ಮುದ್ರಣ — ನಿಯಮದಲ್ಲಿಲ್ಲ. ಸಮಯ — ಮೂರೇ ತಿಂಗಳು, ಎರಡು ಆಗಲೇ ಮುಗಿದಿವೆ, ಮಾರ್ಚ್ 31ರ ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ಅಷ್ಟರಲ್ಲಿ ಮಷೀನಿನೊಳಗೆ ಏನಿದೆಯೋ ಅದೇ ಸಾಕ್ಷ್ಯ. ಅಲ್ಲಿ ಇಲ್ಲದ್ದು ನಡೆದೇ ಇಲ್ಲ.

ಇಷ್ಟೂ ಬರೆದಿಟ್ಟುಕೊಂಡೆ. ನಾಳೆ ಯಾರಾದರೂ ಮಾತು ತಿರುಗಿಸಿದರೆ ನನ್ನ ಹತ್ತಿರ ಇರಲಿ.

ಗಾಜಿನ ಬಾಟಲಿ ಕಾರ್ಖಾನೆ. ಕುಲುಮೆ ಮುಂದೆ ದುಡಿದವರ ಎದೆಯೊಳಗೆ ಧೂಳು ಕೂತಿದೆ. ಧೂಳು ಹೀರುವ ಫ್ಯಾನುಗಳು ಓಡುತ್ತಿದ್ದವೋ ಇಲ್ಲವೋ, ಇಡೀ ವಿಚಾರಣೆ ಇದೊಂದರ ಮೇಲೆ. ಓಡುತ್ತಿದ್ದವು ಅನ್ನುತ್ತದೆ ಕಂಪನಿ. ಇಲ್ಲ ಅನ್ನುತ್ತದೆ ಕೆಮ್ಮು. ಕೆಮ್ಮನ್ನು ಟೈಪು ಮಾಡಲು ಬರುವುದಿಲ್ಲ, ಅದಕ್ಕೇ ನಾವು ಆರು ಜನ ಹೆಂಗಸರು ಕೂತಿರುವುದು. ಅವರು ಹೇಳುತ್ತಾರೆ, ನಾವು ಹೊಡೆಯುತ್ತೇವೆ. ಒಂದು ಪ್ಯಾರಾ ಮುಗಿದರೆ ಸೇವ್. ಸೇವ್ ಒತ್ತಿದರೆ ಒಂಬತ್ತು ಸೆಕೆಂಡು ಪರದೆ ಕಲ್ಲು. ಆಮೇಲೆ 'ಉಳಿಸಲಾಗಿದೆ'.

ಇವತ್ತು ನಾಲ್ಕು ಹೇಳಿಕೆ ಆಗಬೇಕಿತ್ತು. ಎರಡೂವರೆ ಆಯಿತು.

ಮಾರ್ಚ್ 4, ಮಂಗಳವಾರ

ಪ್ಯಾಕಿಂಗ್ ವಿಭಾಗದ ಒಬ್ಬ ಹಿರಿಯರು ಬಂದಿದ್ದರು. ಜೊತೆಯವನು ಕುಲುಮೆ ಮುಂದೆ ಕುಸಿದು ಬಿದ್ದ ದಿನದ ಕಥೆ. ಮಾತು ಚೆನ್ನಾಗಿ ಹರಿಯುತ್ತಿತ್ತು. ಪ್ಯಾರಾ ಮುಗಿಯಿತು, ಸೇವ್ ಒತ್ತಿದೆ. ಒಂದು, ಎರಡು, ಮೂರು… ಅವರು ನನ್ನ ಮುಖ ನೋಡಿದರು. ನಾನು ಪರದೆ ನೋಡಿದೆ. ಕೆಮ್ಮು ಹತ್ತಿತು. ಒಂಬತ್ತಾದ ಮೇಲೆ ಮುಂದೆ ಹೇಳಿ ಅಂದೆ. ಎಲ್ಲಿದ್ದೆ ಅಂದರು. ನೆನಪು ಮಾಡಿಕೊಟ್ಟೆ. 'ಹಂಗಂದೆನಾ?' ಅಂದರು. ಆ ಕಥೆ ಅಲ್ಲಿಗೇ ಮುಗಿಯಿತು. ಎಷ್ಟು ಕೆದಕಿದರೂ ಬರಲಿಲ್ಲ.

ಈ ಒಂಬತ್ತು ಸೆಕೆಂಡು ಯಾರಪ್ಪನ ಮನೆಯದು? ಉಸಿರಿಗೇ ಬರ ಇರುವವರು ಕೂಡಿಸಿಕೊಂಡು ತಂದ ಮಾತು. ಮಷೀನಿನ ಮುಂದೆ ಕೈಕಟ್ಟಿ ಕಾಯಬೇಕು.

ಊಟದ ಹೊತ್ತಿಗೆ ಆರೂ ಜನ ರಿಜಿಸ್ಟ್ರಾರ್ ಸಾಹೇಬರ ಕೋಣೆಗೆ ನುಗ್ಗಿದೆವು. ಟೈಪಿಸ್ಟರ ಸಂಘದ ಜಂಟಿ ಕಾರ್ಯದರ್ಶಿ ಅಂತ ನನಗೊಂದು ಹೆಸರಿದೆಯಲ್ಲ, ಮುಂದೆ ನಿಂತೆ. ಸಾಹೇಬರು ತಲೆ ಎತ್ತದೆ, ಇರುವುದರಲ್ಲೇ ಮಾಡಿಕೊಳ್ಳಿ, ಮಷೀನು ನೋಡುವವನಿಗೆ ಹೇಳಿ, ಏನು ಬೇಕೋ ಮಾಡಲಿ ಅಂದರು. ಬರೆದು ಕೊಡಿ ಅಂದೆ. ನಕ್ಕರು. 'ಕಾಗದ ಇಲ್ಲವಲ್ಲಮ್ಮ.'

ಮಾರ್ಚ್ 6, ಗುರುವಾರ

ಮಷೀನು ನೋಡುವವನು — ಕಿವಿಗೆ ಸದಾ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಾನೆ. ಎಲ್ಲರೂ ಸ್ಕ್ರೂ ಅಂತಲೇ ಕರೆಯುವುದು. ನಲವತ್ತು ದಾಟಿದವನು, ಬೇಜಾರಿಲ್ಲ. ನಾನು ಮಾತ್ರ ತಮ್ಮ ಅನ್ನುತ್ತೇನೆ.

ಒಂಬತ್ತು ಸೆಕೆಂಡು ಯಾಕೆ ಅಂತ ಕೇಳಿದೆ. ಡಿಸ್ಕಿನ ಮೇಲೆ ನಿಜವಾಗಿ ಬರೆದು ಮುಗಿಸುವ ತನಕ ಅದು ಬರೆದೆ ಅನ್ನುವುದಿಲ್ಲವಂತೆ. ಆರು ಜನ ಒಟ್ಟಿಗೆ ಬರೆಸಿದರೆ ಸಾಲಿನಲ್ಲಿ ನಿಲ್ಲಬೇಕು. ಹಳೆಯ ಡಿಸ್ಕು, ಮುದಿ ಎತ್ತು. ರೈಟ್ ಕ್ಯಾಶ್ ಅಂತ ಒಂದಿದೆಯಂತೆ. ಅದನ್ನು ತೆರೆದರೆ ಡಿಸ್ಕು ನಮ್ಮ ಮಾತನ್ನು ತನ್ನ ಜೇಬಿಗೆ ಹಾಕಿಕೊಂಡು ತಕ್ಷಣ ಆಯ್ತು ಅನ್ನುತ್ತದೆ. ಪುರುಸೊತ್ತಾದಾಗ ಬರೆಯುತ್ತದೆ.

ಟಪಾಲು ವಿಭಾಗದವರ ಹಾಗೆ ಅಂದೆ. ಅರ್ಜಿ ಇಸಿದುಕೊಂಡು 'ಸ್ವೀಕರಿಸಲಾಗಿದೆ' ಅಂತ ಠಸ್ಸೆ ಒತ್ತುತ್ತಾರೆ, ಅರ್ಜಿ ಮೇಜಿನ ಖಾನೆಯಲ್ಲೇ ಇರುತ್ತದೆ.

ಅವನಿಗೆ ಖುಷಿಯಾಯಿತು. 'ಅದೇ ಅಕ್ಕ. ಖಾನೆಗೆ ಬೆಂಕಿ ಬೀಳೋ ತನಕ ಏನೂ ತೊಂದ್ರೆ ಇಲ್ಲ.'

ಎರಡು ಹೆಜ್ಜೆ ಇವೆ ಅಂದ. ಒಂದನೆಯದು ಕ್ಯಾಶ್ ತೆರೆಯುವುದು, ಆದರೆ ಸೇವ್ ಒತ್ತಿದಾಗೆಲ್ಲ 'ಜೇಬು ಖಾಲಿ ಮಾಡು' ಅಂತ ಗದರುವುದನ್ನು ಇಟ್ಟುಕೊಳ್ಳುವುದು. ಇದರಲ್ಲಿ ಭಯವಿಲ್ಲ, ಲಾಭವೂ ಅಷ್ಟಕ್ಕಷ್ಟೆ. ಎರಡನೆಯದು, ಗದರುವುದನ್ನೂ ನಿಲ್ಲಿಸಿಬಿಡುವುದು. ಆಗ ಮಷೀನು ಹಾರುತ್ತದೆ. ಅದಕ್ಕೆ ಬ್ಯಾಟರಿ ಬೇಕೇ ಬೇಕು ಅಂದ.

ಒಂದನೆಯದು ಮಾಡಿದ. ಆರು ಸೆಕೆಂಡಿಗೆ ಇಳಿಯಿತು.

ಆರು ಸೆಕೆಂಡಿನಲ್ಲೂ ಕೆಮ್ಮು ಬರುತ್ತದೆ.

ಮಾರ್ಚ್ 10, ಸೋಮವಾರ

ಬುಧವಾರ ಕುಲುಮೆಯಮ್ಮ ಬರುತ್ತಾರೆ. ಒಂದನೇ ಕುಲುಮೆಯಲ್ಲಿ ಮೊದಲಿನಿಂದ ಇದ್ದವರಲ್ಲಿ ಬದುಕಿ ಉಳಿದಿರುವುದು ಅವರೊಬ್ಬರೇ. ಬೇರೆಯವರೆಲ್ಲ ಸೇರುವ ಹೊತ್ತಿಗೆ ಫ್ಯಾನು ನಿಂತೇ ಇತ್ತು. ಯಾವಾಗ ನಿಂತಿತು, ಯಾಕೆ ನಿಂತಿತು, ಇದು ಗೊತ್ತಿರುವ ಬಾಯಿ ಈ ಭೂಮಿ ಮೇಲೆ ಒಂದೇ. ಆ ಬಾಯಿಗೂ ಒಂದು ಸಲಕ್ಕೆ ಎರಡು ವಾಕ್ಯದಷ್ಟೇ ಉಸಿರು.

ಸ್ಕ್ರೂನನ್ನು ಹಿಡಿದೆ. ಎರಡನೇ ಹೆಜ್ಜೆ ಇಡು ಅಂದೆ.

ಬ್ಯಾಟರಿ ಬರಲಿ ಅಂದ. ಬ್ಯಾಟರಿ ಬರುವುದಿಲ್ಲ, ಅದು ಇಲ್ಲ ಅಂದದ್ದರ ಪಟ್ಟಿಯಲ್ಲಿದೆ ಅಂದೆ. ತಲೆ ಕೆರೆದುಕೊಂಡ. ಇನ್ನೊಂದು ವಿಷಯ ಹೇಳುತ್ತೇನೆ ಅಂದ. ಡಿಸ್ಕು ತನಗೆ ಅನುಕೂಲವಾಗುವ ಹಾಗೆ ಹಿಂದುಮುಂದು ಮಾಡಿ ಬರೆಯುತ್ತದಂತೆ. ಮೊದಲು ಹೇಳಿದ್ದು ಆಮೇಲೆ, ಆಮೇಲೆ ಹೇಳಿದ್ದು ಮೊದಲು. ಎಲ್ಲ ಬರೆದು ಮುಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಡುವೆ ಕರೆಂಟು ಹೋದರೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರ ಮೇಲೇ ಎಲ್ಲ ನಿಂತಿರುತ್ತದೆ.

ನನಗೆ ತಲೆಬುಡ ತಿಳಿಯಲಿಲ್ಲ. ಕೇಳುವ ತಾಳ್ಮೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಇವನೂ ಸಾಹೇಬರ ಕಡೆಯವನೇ, ನೆಪ ಹೇಳುತ್ತಿದ್ದಾನೆ ಅನ್ನಿಸಿತು. ಇಪ್ಪತ್ತು ವರ್ಷ ನೆಪಗಳನ್ನೇ ಕೇಳಿ ಬೆಳೆದವಳು ನಾನು. ಆಗುವುದಿಲ್ಲ ಅನ್ನುವವರನ್ನು ಆಗುತ್ತದೆ ಅನ್ನಿಸುವುದೇ ನಮ್ಮ ಕಸುಬು.

ಮಾಡು, ನಾನಿದ್ದೇನೆ ಅಂದೆ.

'ನೀವಿದ್ದೀರ ಸರಿ ಅಕ್ಕ. ಕರೆಂಟಿರುತ್ತಾ?'

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಡಿದ.

ಸಂಜೆ ಒತ್ತಿ ನೋಡಿದೆವು. ಬೆರಳು ಎತ್ತುವ ಮೊದಲೇ 'ಉಳಿಸಲಾಗಿದೆ'. ಪಕ್ಕದ ಟೇಬಲಿನವಳು ಸುಮ್ಮನೆ ಹತ್ತು ಸಲ ಒತ್ತಿದಳು, ಲಿಫ್ಟಿನ ಬಟನ್ ಸಿಕ್ಕ ಮಗುವಿನ ಹಾಗೆ. ಗೆದ್ದೆವು.

ಮಾರ್ಚ್ 12, ಬುಧವಾರ

ಕುಲುಮೆಯಮ್ಮ. ಸಣಕಲು ಹೆಂಗಸು. ಮುಂಗೈ ಮೇಲೆ ಸುಟ್ಟ ಮಚ್ಚೆಗಳು, ಹುಬ್ಬೇ ಇಲ್ಲ. ಲಿಫ್ಟು ಕೆಟ್ಟಿತ್ತು; ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದರ ಮೇಲೆ ಕೂತು, 'ಮಹಡಿ ಮೇಲೆ ಯಾಕಮ್ಮ ಇಟ್ಟಿದೀರಿ ನ್ಯಾಯನ' ಅಂದರು. ಸ್ಕ್ರೂ ಮತ್ತು ನಾನು ಕುರ್ಚಿಯಲ್ಲಿ ಎತ್ತಿಕೊಂಡು ಬಂದೆವು. ಆ ಎರಡು ಕುರ್ಚಿಗಳಿಗಾದರೂ ಹೋರಾಡಿದ್ದು ಸಾರ್ಥಕ.

ಎರಡು ವಾಕ್ಯ, ಉಸಿರು. ಎರಡು ವಾಕ್ಯ, ಉಸಿರು. ನಾನು ಎಲ್ಲೂ ನಿಲ್ಲಿಸಲಿಲ್ಲ. ಪರದೆ ನೋಡಲೇ ಇಲ್ಲ, ಅವರ ಮುಖ ನೋಡುತ್ತಲೇ ಹೊಡೆದೆ. ಮೂರು ಪುಟ. ಸಂಜೆ ಓದಿ ಹೇಳಿ ಹೆಬ್ಬೆಟ್ಟಿನ ಮಷೀನಿನಲ್ಲಿ ಒತ್ತಿಸಿದೆ.

ಮಾರ್ಚ್ 13, ಗುರುವಾರ

ನಾಲ್ಕು ಪುಟ. ಫ್ಯಾನಿನ ಸ್ವಿಚ್ಚು ಎಲ್ಲಿತ್ತು, ಯಾವ ಬಣ್ಣ, ಅದರ ಮೇಲೆ ಯಾರು ಟೇಪು ಸುತ್ತಿದರು. ಇಂಥ ಹೇಳಿಕೆ ಈ ಕೋಣೆಯಲ್ಲಿ ಇದುವರೆಗೆ ಬಂದಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು. ಆ ಕಡೆಯವರು ಕೇಳಿಸಿತು ಅನ್ನುವ ತನಕ ನಾವು ಲೈನು ಬಿಡುತ್ತಿರಲಿಲ್ಲ, ನೀವು ಹೇಗೆ ಬಿಡುತ್ತೀರಿ ಅಂತ ಕೇಳಿದರು. ಈಗಿನದು ಬೇರೆ ಅತ್ತೆ ಅಂದೆ. ಏನು ಬೇರೆ ಅಂತ ಅವರೂ ಕೇಳಲಿಲ್ಲ.

ಮಾರ್ಚ್ 14, ಶುಕ್ರವಾರ, ಮಧ್ಯಾಹ್ನ 3.55

ಕರೆಂಟು ಹೋಗಿದೆ. 3.40ಕ್ಕೆ ಹೋಯಿತು. ಕೆಳಗೆ ಲಿಫ್ಟು ರಿಪೇರಿಯವರು ಮೇನ್ ಇಳಿಸಿದರಂತೆ. ಕಿಟಕಿ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಕುಲುಮೆಯಮ್ಮ ಎದುರಿಗೇ ಇದ್ದಾರೆ, ಕಣ್ಣು ಮುಚ್ಚಿದ್ದಾರೆ. ಆಗತಾನೆ ಮುಖ್ಯವಾದದ್ದು ಹೇಳಿ ಮುಗಿಸಿದ್ದರು. ಫ್ಯಾನು ಆಫ್ ಮಾಡಿ ಅಂತ ಬಾಯಿಬಿಟ್ಟು ಹೇಳಿದವನು ಫೋರ್‌ಮನ್. ಹೇಳಿದ ದಿನ, ಹೊತ್ತು, ನಿಂತ ಜಾಗ. ಎಲ್ಲ ಸೇವ್ ಆಗಿದೆ. ಉಳಿಸಲಾಗಿದೆ ಅಂತ ಕಣ್ಣಾರೆ ನೋಡಿದ್ದೇನೆ.

ಸ್ಕ್ರೂ ಮೆಟ್ಟಿಲು ಇಳಿದು ಓಡಿದ. ಅವನ ಮುಖ ಯಾಕೆ ಹಾಗಿತ್ತು?

ಅದೇ ದಿನ, ಸಂಜೆ

ಕರೆಂಟು ಬಂತು. ಸರ್ವರು ಎದ್ದಿಲ್ಲ. ರಿಪೇರಿ ಓಡುತ್ತಿದೆ, ನಾಳೆ ಗೊತ್ತಾಗುತ್ತದೆ ಅಂದ. ಏನು ಗೊತ್ತಾಗಬೇಕು? ಸೇವ್ ಆಗಿದೆಯಲ್ಲ. ಆಗಿದೆ ಅಂತ ಅದೇ ಹೇಳಿತಲ್ಲ.

ಮಾರ್ಚ್ 15, ಶನಿವಾರ

ಫೈಲಿನ ಹೆಸರಿದೆ. ತಾರೀಖಿದೆ. ಸಮಯವೂ ಇದೆ, 3.38. ತೆರೆದರೆ ಖಾಲಿ. ಒಂದು ಅಕ್ಷರವಿಲ್ಲ. ಮೂರು ದಿನ, ಹನ್ನೊಂದು ಪುಟ.

ಮೊದಲ ಎರಡು ದಿನದ್ದಾದರೂ ಎಲ್ಲಿ ಅಂತ ಕೂಗಾಡಿದೆ. ಪ್ರತಿ ಸಲ ಸೇವ್ ಒತ್ತಿದಾಗ ಇಡೀ ಹೇಳಿಕೆಯನ್ನು ಹೊಸ ಫೈಲಾಗಿ ಬರೆದು, ಹೆಸರನ್ನು ಅದಕ್ಕೆ ಕೊಟ್ಟು, ಹಳೆಯದನ್ನು ತೆಗೆದುಹಾಕುತ್ತದಂತೆ. ಹೆಸರು ಬದಲಾದದ್ದು, ಹಳೆಯದು ಹೋದದ್ದು ಡಿಸ್ಕಿನ ಮೇಲೆ ಬರೆದಾಗಿದೆ. ಹೊಸದರ ಒಳಗಿನ ಮಾತು ಜೇಬಿನಲ್ಲಿತ್ತು. ಜೇಬು ಕರೆಂಟಿನ ಜೊತೆ ಹೋಯಿತು. ಇದೇ ಆ ಹಿಂದುಮುಂದು. ವಾರಕ್ಕೊಮ್ಮೆ ಪ್ರತಿ ತೆಗೆಯುವುದು ಶನಿವಾರ — ಅಂದರೆ ಇವತ್ತು.

ಉಳಿದ ಐದು ಜನರ ಫೈಲುಗಳಲ್ಲಿ ಅಲ್ಲಲ್ಲಿ ಚೂರು ಹೋಗಿದೆ, ಮತ್ತೆ ಕರೆದು ಕೇಳಬಹುದು.

ಕುಲುಮೆಯಮ್ಮನ ಮನೆಗೆ ಹೋದೆ. ಬೀಗ. ಬೆಳಿಗ್ಗೆಯೇ ಆಸ್ಪತ್ರೆಗೆ ಹಾಕಿದ್ದಾರೆ ಅಂದರು ಪಕ್ಕದ ಮನೆಯವರು. ಮೂಗಿಗೆ ನಳಿಕೆ, ಮಾತಿಲ್ಲ. ಮೂರು ದಿನ ಸತತವಾಗಿ ಮಾತಾಡಿದ್ದು ಹೆಚ್ಚಾಯಿತಂತೆ.

ಮೂರು ದಿನ. ಅದೂ ನಾನೇ. ನಾಳೆ ಬನ್ನಿ, ನಾಡಿದ್ದು ಬನ್ನಿ, ಈಗ ಮಷೀನು ಫಾಸ್ಟಾಗಿದೆ ಅಮ್ಮ, ಬೇಗ ಮುಗಿಯುತ್ತದೆ ಅಂದವಳು.

ಮಾರ್ಚ್ 20, ಗುರುವಾರ

ಬರೆಯಲು ಕೈ ಬರಲಿಲ್ಲ ಐದು ದಿನ.

ಸ್ಕ್ರೂಗೆ ನೋಟಿಸು ಬಂದಿದೆ. ಅನುಮತಿಯಿಲ್ಲದೆ ಸರ್ವರಿನ ವ್ಯವಸ್ಥೆ ಬದಲಿಸಿ ಸಾಕ್ಷ್ಯನಾಶ. ಹದಿನೈದು ದಿನದಲ್ಲಿ ಉತ್ತರ. ಬೆನ್ನಿಗೇ ನನಗೆ ಕರೆ. ರಿಜಿಸ್ಟ್ರಾರ್ ಸಾಹೇಬರು ಟೀ ತರಿಸಿದರು, ಈ ಮೂರು ತಿಂಗಳಲ್ಲಿ ಮೊದಲ ಸಲ. ಒಂದು ಕಾಗದ ಮುಂದಿಟ್ಟರು. ಕಾಗದವಿಲ್ಲದ ಕಚೇರಿಯಲ್ಲಿ ಕಾಗದ ಎಲ್ಲಿಂದ ಬಂತೋ. ಟೈಪಿಂಗ್ ಕೋಣೆಯ ಯಾರಿಗೂ ಇದು ಗೊತ್ತಿರಲಿಲ್ಲ, ಮಷೀನು ನೋಡುವವನು ತಾನೇ ಮಾಡಿದ — ಹೀಗೆ ಸಹಿ ಹಾಕಿದರೆ ವಿಚಾರಣೆಗೆ ಒಂದು ತಿಂಗಳು ಹೆಚ್ಚು ಸಮಯ ಕೇಳಬಹುದಂತೆ. ಯಾರೋ ಬೇಕಂತಲೇ ಮಾಡಿದ ವಿಧ್ವಂಸ ಅಂತ ತೋರಿಸಿದರೆ ಸಿಗುತ್ತದೆ. ತಪ್ಪಾಯಿತು ಅಂದರೆ ಸಿಗುವುದಿಲ್ಲ.

ಒಂದು ತಿಂಗಳು. ಅಷ್ಟರಲ್ಲಿ ಅವರಿಗೆ ಮಾತು ಬರಬಹುದು.

ನಮ್ಮ ಸಂಘದ ಕಾರ್ಯದರ್ಶಿಗೆ ಹೇಳಿದೆ. ಗಂಟಲು ಒಡೆದ ಮನುಷ್ಯ, ಕಾರ್ಖಾನೆ ಗೇಟು ಸಭೆಗಳಲ್ಲಿ ಕೂಗಿ ಕೂಗಿ. ಸಹಿ ಹಾಕು ಅಂದರು. ಅವನು ನಮ್ಮ ಸಂಘದ ಸದಸ್ಯನೂ ಅಲ್ಲ, ಒಬ್ಬನ ಕೆಲಸ ದೊಡ್ಡದೋ ನಾನ್ನೂರು ಕಾರ್ಮಿಕರ ಎದೆ ದೊಡ್ಡದೋ ಅಂದರು. ಲೆಕ್ಕ ಸರಿಯಾಗೇ ಇದೆ. ಕಾಗದ ಮಾತ್ರ ಚೀಲದಲ್ಲೇ ಇದೆ, ಸಹಿಯಿಲ್ಲದೆ.

ಮಾರ್ಚ್ 22, ಶನಿವಾರ

ಸ್ಕ್ರೂ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಏನು ಬದಲಿಸಿದರೂ ತಾರೀಖು ಹಾಕಿ ಬರೆಯುವ ಅಭ್ಯಾಸ. ಯಾರು ಕೇಳಿದರು ಅನ್ನುವುದಕ್ಕೂ ಒಂದು ಸಾಲು. ತೋರಿಸು ಅಂದೆ. ಮಾರ್ಚ್ 10ರ ಪುಟ: 'ಕೇಳಿದವರು — ಟೈಪಿಂಗ್ ಕೋಣೆ.'

ನನ್ನ ಹೆಸರು ಯಾಕೆ ಹಾಕಲಿಲ್ಲ ಅಂದೆ.

'ಆರು ಜನಾನೂ ನಗ್ತಿದ್ರಲ್ಲ ಅಕ್ಕ.'

ಕೋಪವೇ ಇಲ್ಲ ಅವನಲ್ಲಿ. ಬಯ್ದಿದ್ದರೆ ನಿರಾಳವಾಗುತ್ತಿತ್ತು. ಗೊತ್ತಿದ್ದೂ ಯಾಕೆ ಮಾಡಿದೆ ಅಂದೆ. ನಾಲ್ಕು ವರ್ಷದಲ್ಲಿ ಈ ಕಟ್ಟಡದಲ್ಲಿ ಒಮ್ಮೆಯೂ ಕರೆಂಟು ಹೋಗಿರಲಿಲ್ಲ, ಸಾಹೇಬರು ಹೇಳಿದ್ದು ಸುಳ್ಳಲ್ಲ ಅಂದ. ಮತ್ತೆ ಪ್ಯಾಕಿಂಗಿನ ಹಿರಿಯರನ್ನು ಅವನೂ ನೋಡಿದ್ದನಂತೆ, ಕೋಣೆಯ ಹೊರಗೆ ನಿಂತು. ಮಾತು ಮರೆತವರ ಮುಖ.

ಯಾರದು ತಪ್ಪು? ನಿಧಾನವಿದ್ದದ್ದಕ್ಕೆ ಆ ಹಿರಿಯರ ಮಾತು ಹೋಯಿತು. ಬೇಗ ಮಾಡಿಕೊಂಡದ್ದಕ್ಕೆ ಕುಲುಮೆಯಮ್ಮನದು ಹೋಯಿತು. ಬ್ಯಾಟರಿ ಕೊಟ್ಟಿದ್ದರೆ ಎರಡೂ ಇರುತ್ತಿತ್ತು. ಕೊಡದವರು ಟೀ ಕುಡಿಸುತ್ತಿದ್ದಾರೆ. ಇಷ್ಟು ಸ್ಪಷ್ಟವಿದೆ. ಆದರೂ 'ಮಾಡು' ಅಂದ ಬಾಯಿ ನನ್ನದೇ. ಅದನ್ನು ಯಾವ ಘೋಷಣೆಯ ಅಡಿ ಬಚ್ಚಿಡುವುದು?

ಮಾರ್ಚ್ 24, ಸೋಮವಾರ

ಕಾಗದಕ್ಕೆ ಸಹಿ ಹಾಕಲಿಲ್ಲ. ಬೇರೆ ಕಾಗದ ಬರೆದುಕೊಟ್ಟೆ. 'ವೇಗ ಬೇಕೆಂದು ಒತ್ತಾಯಿಸಿದವಳು ನಾನು. ಅಪಾಯವಿದೆ ಎಂದು ಅವರು ಎರಡು ಸಲ ಹೇಳಿದರು. ಬ್ಯಾಟರಿ ಕೇಳಿದ್ದೆವು, ಕೊಡಲಿಲ್ಲ.' ಮೂರೇ ಸಾಲು.

ಸಾಹೇಬರು ಓದಿ ಮಡಚಿದರು. ಸಮಯ ವಿಸ್ತರಣೆ ಇಲ್ಲ ಅಂದರು. ಈಗ ನೋಟಿಸು ಇಬ್ಬರಿಗೂ.

ಕಾರ್ಯದರ್ಶಿ ಫೋನು ಎತ್ತುತ್ತಿಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ನಳಿಕೆ ತೆಗೆದಿದ್ದಾರೆ. ಪಿಸುಮಾತು ಬರುತ್ತದೆ, ಬಾಯಿ ಹತ್ತಿರ ಕಿವಿ ಇಟ್ಟರೆ. ಎಲ್ಲ ಹೇಳಿಬಿಟ್ಟೆ. ನೀವು ಹೇಳಿದ್ದು ಒಂದಕ್ಷರ ಉಳಿದಿಲ್ಲ ಅಮ್ಮ. ಯಾರೂ ಬೇಕಂತ ಮಾಡಿದ್ದಲ್ಲ. ನಾನೇ ಬೇಗ ಆಗಲಿ ಅಂತ ಕೇಳಿದೆ, ನಿಮ್ಮನ್ನು ಕಾಯಿಸಬಾರದು ಅಂತ.

ಅವರು ನನ್ನ ಮಣಿಕಟ್ಟು ಹಿಡಿದರು.

'ನೀನೇ ಕೇಳಿದ್ದಾ?'

ಹೌದು ಅಂದೆ.

'ಮಷೀನು ತಗೊಂಡು ಬಾ.'

ಮಾರ್ಚ್ 26, ಬುಧವಾರ

ಕಚೇರಿಗೆ ಕರೆದೊಯ್ಯುವ ಹಾಗಿಲ್ಲ ಅಂತ ವಾರ್ಡಿನ ಡಾಕ್ಟರು ಬರೆದುಕೊಟ್ಟ ಮೇಲೆ ಸಾಹೇಬರು ಬೇಡವೆನ್ನಲಾಗಲಿಲ್ಲ. ಒಂದು ಕಂಪ್ಯೂಟರನ್ನು, ಹೆಬ್ಬೆಟ್ಟಿನ ಮಷೀನನ್ನು ಸ್ಕ್ರೂ ಹೊತ್ತು ತಂದ. ಬರಬೇಕಾಗಿರಲಿಲ್ಲ ಅವನು, ನೋಟಿಸು ತಿಂದವನು. ನರ್ಸು ಔಷಧಿ ಟ್ರಾಲಿ ಬಿಟ್ಟುಕೊಟ್ಟಳು, ದಿನಕ್ಕೆ ಇಪ್ಪತ್ತು ನಿಮಿಷ ಅಂತ ಬೆರಳು ತೋರಿಸಿ ಹೇಳಿದಳು. ಕ್ಯಾಶ್ ಮುಚ್ಚಿದ್ದೇನೆ ಅಂದ ಸ್ಕ್ರೂ. ಇದರದೇ ಡಿಸ್ಕು, ಇದರ ಮೇಲೇ ಬರೆಯುತ್ತದೆ, ಬರೆದ ಮೇಲೇ ಆಯ್ತು ಅನ್ನುತ್ತದೆ. ನಾಲ್ಕು ಸೆಕೆಂಡು ಕಾಯಬೇಕು.

ಕಾದೆವು. ಕುಲುಮೆಯಮ್ಮ ಒಂದು ವಾಕ್ಯ ಹೇಳುವರು, ನಾನು ಹೊಡೆದು ಸೇವ್ ಒತ್ತುವೆ, ಡಿಸ್ಕಿನ ದೀಪ ಮಿನುಗುವುದು, ಅವರು ಉಸಿರು ಎಳೆದುಕೊಳ್ಳುವರು. ದೀಪ ನಿಂತಾಗ ಅವರೂ ಸಿದ್ಧ. ಈಗ ಕಾಯುವುದು ಅವರಿಗೆ ತೊಂದರೆಯೇ ಅಲ್ಲ, ಬೇಕು. ಒಂಬತ್ತು ಸೆಕೆಂಡಿನ ದಿನಗಳಲ್ಲಿ ಬಂದವರಿಗೆ ಹೀಗಿರಲಿಲ್ಲವೇ? ಅಥವಾ ಆಗಲೂ ಬೇಕಿತ್ತೋ, ಕಾಯುವುದು ಮಾತನ್ನು ಸಾಯಿಸುತ್ತಿದೆ ಅಂತ ನಾನೇ ಅಂದುಕೊಂಡೆನೋ. ಗೊತ್ತಿಲ್ಲ. ಪ್ಯಾಕಿಂಗಿನವರಿಗೆ ಅದು ಮುಳುವಾದದ್ದಂತೂ ನಿಜ.

ಆದರೆ ಹೇಳಿದ್ದು ಬೇರೆ.

ಹದಿನೈದನೇ ನಿಮಿಷಕ್ಕೆ ಫ್ಯಾನಿನ ವಿಷಯ ಬಂತು. ಫೋರ್‌ಮನ್ ಹೆಸರಿಗೆ ಬೆರಳು ಸಿದ್ಧವಾಗಿತ್ತು ನನ್ನದು. ಅವರು ಅಂದರು:

'ಫ್ಯಾನು ಆಫ್ ಮಾಡಿ ಅಂತ ಫೋರ್‌ಮನ್ನ ಕೇಳಿದ್ದು ನಾವೇ.'

ಬೆರಳು ನಿಂತಿತು. ಹೊಡಿ ಅಂದರು ಕಣ್ಣಲ್ಲೇ. ಹೊಡೆದೆ. ದೀಪ ಮಿನುಗಿ ನಿಂತಿತು.

ಫ್ಯಾನು ಓಡಿದರೆ ಗಾಳಿ ಬಂದು ಕುಲುಮೆ ಬಾಯಿ ತಣ್ಣಗಾಗುತ್ತಿತ್ತು. ಗಾಜು ಗಟ್ಟಿಯಾಗುತ್ತಿತ್ತು, ಒಂದು ಪಾಳಿಗೆ ಎಂಟುನೂರು ಬಾಟಲಿ ದಾಟುತ್ತಿರಲಿಲ್ಲ. ಆಫ್ ಮಾಡಿದರೆ ಸಾವಿರದ ಇನ್ನೂರು. ಒಂದನೇ ಕುಲುಮೆಯ ಏಳು ಜನ ಹೋಗಿ ಕೇಳಿದರು. ಮುಂದೆ ನಿಂತವರು ಇವರೇ. ಫೋರ್‌ಮನ್ ಎರಡು ದಿನ ಬೇಡ ಅಂದ. ಮೂರನೇ ದಿನ ಆಫ್ ಮಾಡಿ ಅಂದ.

ಅಮ್ಮ, ಹೋದ ಸಲ ಹೀಗೆ ಹೇಳಿರಲಿಲ್ಲ ಅಂದೆ.

'ಅದೂ ಸುಳ್ಳಲ್ಲ. ಅವನು ಹೇಳಿದ. ನಾವು ಕೇಳಿದ ಮೇಲೆ ಹೇಳಿದ. ಹೋದ ಸಲ ಮೊದಲಿನದು ಬಿಟ್ಟಿದ್ದೆ.' ಉಸಿರು. 'ನೀನು ನಿನ್ನದು ಹೇಳ್ಕೊಂಡ್ಯಲ್ಲ, ನಂಗೂ ಹೇಳ್ಬೇಕು ಅನ್ನಿಸ್ತು.' ಮತ್ತೆ ಉಸಿರು. ಇನ್ನೂ ಒಂದಿದೆ ಅಂದರು. ನಾವು ಕೇಳುವುದಕ್ಕೂ ಮೊದಲು. ಎಂಟುನೂರು ಸಾಕಾಗಿತ್ತು. ಸಾವಿರದ ಇನ್ನೂರು ಮಾಡದವರು ಗೇಟಿನ ಹೊರಗೆ ಅಂತ ಒಬ್ಬರು ಬಂದು ಬೋರ್ಡಿನ ಮೇಲೆ ಬರೆದರು, ಆ ಬರೆದವರು…

ಕೆಮ್ಮು. ರಕ್ತದ ಗೆರೆ ದಿಂಬಿನ ಮೇಲೆ. ನರ್ಸು ಟ್ರಾಲಿ ಎಳೆದೇಬಿಟ್ಟಳು.

ಅರ್ಧಕ್ಕೇ ಓದಿ ಹೇಳಿದೆ. ಅವರು ಹೆಬ್ಬೆಟ್ಟು ಒತ್ತಿದರು. ಉಳಿಸಲಾಗಿದೆ. ಈ ಸಲ ನಿಜವಾಗಿಯೂ.

ಮಾರ್ಚ್ 27, ಗುರುವಾರ

ಕಾರ್ಯದರ್ಶಿ ಮನೆಗೇ ಬಂದರು. ಯಾರೋ ಹೇಳಿದ್ದಾರೆ. ಚಪ್ಪಲಿ ಬಿಡುವ ಮೊದಲೇ ಶುರು. ಕಂಪನಿ ವಕೀಲನಿಗೆ ಇನ್ನೇನು ಬೇಕು, ಕಾರ್ಮಿಕರೇ ಕೇಳಿ ಫ್ಯಾನು ನಿಲ್ಲಿಸಿದರು ಅಂತ ಹೆಬ್ಬೆಟ್ಟಿನ ಸಮೇತ ಸಿಕ್ಕಿತಲ್ಲ ಅಂದರು. ನಾನ್ನೂರು ಜನರಿಗೆ ಚಿಕಿತ್ಸೆಯೂ ಇಲ್ಲ, ಏನೂ ಇಲ್ಲ, ತಾವೇ ತಂದುಕೊಂಡದ್ದು ಅಂತ ಷರಾ ಬರೆದು ಮುಚ್ಚುತ್ತಾರೆ.

ಬೋರ್ಡಿನ ಮೇಲೆ ಬರೆದದ್ದು ಇನ್ನೂ ಬಾಕಿಯಿದೆ, ಅದು ಬಂದರೆ ಎಲ್ಲ ತಿರುಗುತ್ತದೆ ಅಂದೆ.

'ಬರದೇ ಇದ್ರೆ?'

ಅಳಿಸು ಅಂದರು. ಕಂಪ್ಯೂಟರು ಇನ್ನೂ ವಾರ್ಡಿನ ಕಪಾಟಿನಲ್ಲಿದೆ, ಸೋಮವಾರ ಐದರ ತನಕ ಕಚೇರಿಗೆ ಹೋಗುವುದಿಲ್ಲ. ಒಂದು ಬಟನ್. ಒಂದು ಸಲ ಕರೆಂಟು ಹೋಗಿದೆಯಲ್ಲ, ಇನ್ನೊಂದು ಸಲ ಹೋಯಿತು ಅನ್ನು. ಮೊದಲಿನ ಹೇಳಿಕೆ ನಿನ್ನ ನೆನಪಲ್ಲಿದೆ, ಅದನ್ನು ಹೊಡೆದು ಅವರ ಹೆಬ್ಬೆಟ್ಟು ಹಾಕಿಸು. ಅದೂ ಅವರೇ ಹೇಳಿದ್ದು ತಾನೇ, ಅದೂ ಸುಳ್ಳಲ್ಲ ತಾನೇ ಅಂದರು.

ಅಲ್ಲೇ ಸಿಕ್ಕಿಬಿದ್ದೆ. ಹೌದು, ಅದೂ ಸುಳ್ಳಲ್ಲ.

ಅತ್ತೆ ಒಳಗಿನಿಂದ ನೀರು ತಂದುಕೊಟ್ಟರು. ಕಾರ್ಯದರ್ಶಿಗೆ ಒಂದು ಮಾತು ಅಂದರು. ಎಕ್ಸ್‌ಚೇಂಜಿನಲ್ಲಿ ಅರ್ಧ ಮಾತು ಕೇಳಿಸಿಕೊಂಡು ಲೈನು ಕಿತ್ತರೆ ಕೆಲಸದಿಂದ ತೆಗೆಯುತ್ತಿದ್ದರಪ್ಪ. ಅವರು ನೀರು ಕುಡಿಯದೆ ಎದ್ದರು.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ವಾರ್ಡಿಗೆ ಹೋದೆ. ಕುಲುಮೆಯಮ್ಮನಿಗೆ ಮತ್ತೆ ನಳಿಕೆ. ನಿದ್ದೆಯಲ್ಲಿದ್ದರು. ನಾಳೆ ನಾಡಿದ್ದು ಮಾತಾಡಿಸುವ ಹಾಗಿಲ್ಲ, ಸೋಮವಾರ ಬೆಳಿಗ್ಗೆ ಡಾಕ್ಟರು ನೋಡಿ ನಳಿಕೆ ತೆಗೆದರೆ ಇಪ್ಪತ್ತು ನಿಮಿಷ ಅಂದಳು ನರ್ಸು. ತೆಗೆಯದಿದ್ದರೆ ಇಲ್ಲ.

ಕಪಾಟು ತೆಗೆಸಿ ಕಂಪ್ಯೂಟರು ಹಾಕಿದೆ. ಯಾಕೆ ಹಾಕಿದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಫೈಲು ಇದೆ. ಎರಡು ಪುಟ. ಕೊನೆಯ ಸಾಲು 'ಆ ಬರೆದವರು' ಅಂತ ನಿಂತಿದೆ. ಬೆರಳು ಅಳಿಸುವ ಬಟನ್ ಹತ್ತಿರ ಹೋಯಿತು. ಸುಳ್ಳೇಕೆ ಹೇಳಲಿ, ಹೋಯಿತು. ನಾನ್ನೂರು ಜನ. ನಾನು ಅವರಲ್ಲಿ ಎಷ್ಟೋ ಜನರ ಮನೆಗೆ ಹೋಗಿ, ಬನ್ನಿ, ಹೇಳಿ, ಬರೆದಿಡುತ್ತೇವೆ ಅಂದವಳು.

ಹನ್ನೊಂದು ಪುಟ ಹೋದಾಗ ಎದೆ ಬಡಿದುಕೊಂಡೆ. ಈಗ ಎರಡು ಪುಟ ಭದ್ರವಾಗಿ ಕೂತಿದೆ, ಅದನ್ನು ನೋಡಿಯೂ ಎದೆ ಬಡಿದುಕೊಳ್ಳುತ್ತಿದೆ. ಅರ್ಧವಾದರೂ ಉಳಿಯಬಾರದಿತ್ತೇ ಅಂತ ಅಲ್ಲವೇ ನಾನು ಅತ್ತದ್ದು? ಅರ್ಧ ಉಳಿದರೆ ಹೀಗಿರುತ್ತದೆ ಅಂತ ಯಾರೂ ಹೇಳಲಿಲ್ಲ. ಸ್ಕ್ರೂ ಹೇಳಿದ್ದನೇನೋ. ಹಿಂದುಮುಂದು ಅಂತ. ನಾನೇ ಕೇಳಿಸಿಕೊಳ್ಳಲಿಲ್ಲ.

ಕೇಳಿದ್ದು ನಾವೇ ಅನ್ನುವುದು ಮಾತ್ರ ದಾಖಲೆಗೆ ಹೋದರೆ ಸತ್ಯದ ಕತ್ತು ಹಿಸುಕಿದ ಹಾಗೆ. ಫೋರ್‌ಮನ್ ಹೇಳಿದ ಅನ್ನುವುದು ಮಾತ್ರ ಹೋದರೂ ಅಷ್ಟೇ. ಬೋರ್ಡಿನ ಮೇಲೆ ಬರೆದ ಕೈ ಮೊದಲು. ಆ ಕೈ ಬಾರದೆ ಉಳಿದದ್ದೆಲ್ಲ ಬಂದರೆ, ಬಡವರ ತಲೆಗೇ ಕಟ್ಟುತ್ತಾರೆ. ಯಾವಾಗಲೂ ಕಟ್ಟಿದ್ದಾರೆ.

ಅಳಿಸಲಿಲ್ಲ. ಧೈರ್ಯವೋ ಹೇಡಿತನವೋ ತಿಳಿಯದು. ಕಂಪ್ಯೂಟರು ಸರಿಯಾಗಿ ಮುಚ್ಚಿ, ದೀಪ ಆರುವ ತನಕ ನಿಂತಿದ್ದು, ಕಪಾಟಿಗೆ ಬೀಗ ಹಾಕಿಸಿದೆ. ಕೀಲಿ ನರ್ಸಿನ ಹತ್ತಿರ ಇರಲಿ ಅಂದೆ, ನನ್ನ ಹತ್ತಿರ ಬೇಡ.

ಸ್ಕ್ರೂಗೆ ಹೇಳಿದೆ. ಬರುತ್ತೇನೆ ಅಂದ. ಕಾರ್ಯದರ್ಶಿಗೂ ಸಂದೇಶ ಕಳಿಸಿದೆ, ನೀವೇ ಬಂದು ಕೂತು ಕೇಳಿ ಅಂತ. ಓದಿದ್ದಾರೆ. ಉತ್ತರವಿಲ್ಲ.

ಸೋಮವಾರ, ಮಾರ್ಚ್ 31. ಬೆಳಿಗ್ಗೆ ಹತ್ತೂವರೆ. ವಾರ್ಡು, ಕಿಟಕಿ ಪಕ್ಕದ ಮಂಚ. ನಳಿಕೆ ತೆಗೆದರೆ, 'ಆ ಬರೆದವರು' ಅನ್ನುವಲ್ಲಿಂದ ಶುರು.